ಗಂಜಿಖಾನೆಯ ಊರಿನಲ್ಲಿ ಸುಖದ ವಿಚಾರ

ಗೋಕಾಕ ಎಂದರೆ ಉಳಿದ ಕರ್ನಾಟಕದವರಿಗೆ ಮೂರು ಸಂಗತಿಗಳು ನೆನಪಾಗುತ್ತವೆ. ಜಲಪಾತ, ಕರದಂಟು ಮತ್ತು ಗೋಕಾಕ ಚಳವಳಿ. ಇವುಗಳಲ್ಲಿ ಮೂರನೆಯದಕ್ಕೂ ಈ ಊರಿಗೂ ನೇರ ಸಂಬಂಧವಿಲ್ಲ. ಅದು ವಿ.ಕೃ. ಗೋಕಾಕರು 1981ರಲ್ಲಿ ಕೊಟ್ಟ ಭಾಷಾ ವರದಿಯಿಂದ ಬಂದ ಹೆಸರು. ಅವರು ಹುಟ್ಟಿದ್ದು ಸವಣೂರಿನಲ್ಲಿ. ಆದರೆ ಸವಣೂರಿಗೂ ಗೋಕಾಕಕ್ಕೂ ಅದಕ್ಕಿಂತ ಹಳೆಯದಾದ ಇನ್ನೊಂದು ನಂಟಿದೆ. 1717ರಿಂದ 1754ರವರೆಗೆ ಗೋಕಾಕ ಸವಣೂರು ನವಾಬರ ಕೈಯಲ್ಲಿತ್ತು. ಊರಿನ ಮಸೀದಿಯನ್ನೂ ಗಂಜಿಖಾನೆಯನ್ನೂ ಕಟ್ಟಿಸಿದವರು ಅವರೇ ಎಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ದಾಖಲಿಸಿವೆ. ನವಾಬರ ನಂತರ ಊರು ಪಟವರ್ಧನರಿಗೆ ಹೋಯಿತು, 1836ರಲ್ಲಿ ಕಂಪನಿ ಸರಕಾರಕ್ಕೆ ಸೇರಿತು.

ಗಂಜಿಖಾನೆ ಎಂಬ ಈ ಹೆಸರು ಎರಡು ಭಾಷೆಯ ಕಿವಿಗೆ ಎರಡು ಬಗೆಯಾಗಿ ಕೇಳುತ್ತದೆ. ಫಾರಸಿ ಬಲ್ಲವರಿಗೆ ‘ಗಂಜ್’ ಎಂದರೆ ಖಜಾನೆ, ಕೂಡಿಟ್ಟ ಸಂಪತ್ತು. ಕನ್ನಡದವರಿಗೆ ಗಂಜಿ ಎಂದರೆ ಗಂಜಿಯೇ, ಹಸಿದವರ ಹೊಟ್ಟೆಗೆ ಬೀಳುವ ತೆಳ್ಳನೆಯ ಅನ್ನ. ಒಂದು ಅರ್ಥದಲ್ಲಿ ಅದು ಬಾಗಿಲು ಹಾಕಿ ಬೀಗ ಜಡಿಯುವ ಮನೆ, ಇನ್ನೊಂದರಲ್ಲಿ ಬಾಗಿಲು ತೆರೆದಿಟ್ಟು ಬಡಿಸುವ ಮನೆ. ಸುಖ ಎಂದರೇನು ಎಂದು ಮನುಷ್ಯರು ಸಾವಿರಾರು ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗೂ ಈ ಎರಡು ಬಾಗಿಲುಗಳಿವೆ. ಸುಖವೆಂಬುದು ಕೂಡಿಡುವ ವಸ್ತುವೇ ಅಥವಾ ಬಡಿಸುವ ವಸ್ತುವೇ? ಈ ಪ್ರಶ್ನೆಯನ್ನು ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ನೋಡುವುದು ಈ ಲೇಖನದ ಉದ್ದೇಶ.

ಮಾತುಗಳ ಒಳಗಿನ ಸುಖ

ಮೊದಲು ಶಬ್ದಗಳಿಂದಲೇ ಹೊರಡೋಣ. ಉರ್ದು ಶಾಲೆಯಲ್ಲಿ ನಾನು ಕಲಿತ ಶಬ್ದಗಳು ಖುಷಿ, ಮಸರ್ರತ್, ಸುಕೂನ್, ಇತ್ಮೀನಾನ್, ಕನಾಅತ್. ಕನ್ನಡ ಶಾಲೆಗೆ ಬಂದಾಗ ಸುಖ, ಸಂತೋಷ, ಆನಂದ, ಹಿಗ್ಗು, ನಲಿವು, ನೆಮ್ಮದಿ ಎಂಬವು ಎದುರಾದವು. ಇವು ಒಂದಕ್ಕೊಂದು ಸಮಾನಾರ್ಥಕ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತಿತ್ತು. ಆದರೆ ಬಾಳಿನಲ್ಲಿ ಅವು ಸಮಾನವಲ್ಲ. ಮದುವೆಮನೆಯಲ್ಲಿ ಇರುವುದು ಖುಷಿ. ಮದುವೆಯ ಸಾಲ ತೀರಿದ ದಿನ ಇರುವುದು ನೆಮ್ಮದಿ. ನಮ್ಮ ಮನೆಯ ದಖನಿ ಮಾತಿನಲ್ಲಿ ಹತ್ತು ಶಬ್ದಗಳಿಗೆ ಎಂಟು ಉರ್ದುವಿನವಾದರೂ ‘ನೆಮ್ಮದಿ’ಯನ್ನು ಮಾತ್ರ ಕನ್ನಡದಿಂದಲೇ ಎತ್ತಿಕೊಳ್ಳುತ್ತಿದ್ದರು. ಸುಕೂನ್ ಎಂಬ ಶಬ್ದ ಗೊತ್ತಿಲ್ಲದೆ ಅಲ್ಲ. ಸುಕೂನ್ ಎಂದಾಗ ಅದರಲ್ಲಿ ಶಾಯರಿಯ ವಾಸನೆ ಬರುತ್ತದೆ. ನೆಮ್ಮದಿ ಎಂದಾಗ ಮಾತ್ರ ಅಕ್ಕಿಯ ಡಬ್ಬಿ ತುಂಬಿರುವುದು, ಮಗಳು ಗಂಡನ ಮನೆಯಲ್ಲಿ ಚೆನ್ನಾಗಿರುವುದು ಎರಡೂ ಕಾಣುತ್ತವೆ.

ಸುಖ ಎಂಬ ಸಂಸ್ಕೃತ ಶಬ್ದದ ಮೂಲದ ಬಗ್ಗೆ ಪಂಡಿತರು ಹೇಳುವ ಮಾತು ಸ್ವಾರಸ್ಯವಾಗಿದೆ. ‘ಖ’ ಎಂದರೆ ರಂಧ್ರ, ಗಾಲಿಯ ನಡುವಿನ ತೂತು. ಅಚ್ಚು ಸರಿಯಾಗಿ ಕೂತು ಗಾಡಿ ಕುಲುಕದೆ ಓಡಿದರೆ ಸುಖ, ಕೂರದಿದ್ದರೆ ದುಃಖ. ಋಗ್ವೇದದಲ್ಲಿ ಈ ಶಬ್ದ ರಥದ ವಿಶೇಷಣವಾಗಿಯೇ ಬರುತ್ತದೆ. ಅರಬ್ಬಿಯ ‘ಫಲಾಹ್’ ಕೂಡ ಹೀಗೆ ಮಣ್ಣಿನಿಂದ ಎದ್ದ ಶಬ್ದ. ಯಶಸ್ಸು, ಕಲ್ಯಾಣ, ಮೋಕ್ಷ ಎಂದೆಲ್ಲ ಅದಕ್ಕೆ ಅರ್ಥ ಹೇಳುತ್ತೇವೆ. ಆದರೆ ಅದರ ಮೂಲ ಧಾತುವಿಗೆ ಸೀಳುವುದು, ನೆಲ ಉಳುವುದು ಎಂಬ ಅರ್ಥವಿದೆ. ರೈತನಿಗೆ ಅರಬ್ಬಿಯಲ್ಲಿ ಫಲ್ಲಾಹ್ ಎನ್ನುತ್ತಾರೆ. ಹೀಗೆ ಒಂದು ಶಬ್ದ ಬಡಿಗನ ಕೆಲಸದಿಂದ, ಇನ್ನೊಂದು ಒಕ್ಕಲಿಗನ ಕೆಲಸದಿಂದ ಬಂದಿದೆ. ತತ್ವಜ್ಞಾನಿಗಳು ಕೈಗೆತ್ತಿಕೊಳ್ಳುವ ಮೊದಲು ಸುಖದ ಶಬ್ದಗಳು ದುಡಿಯುವವರ ಬಾಯಲ್ಲಿದ್ದವು.

ಗೋಕಾಕ ಸೀಮೆಯ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಕೃಷ್ಣಶರ್ಮರು ತಮಗೆ ಇಟ್ಟುಕೊಂಡ ಕಾವ್ಯನಾಮ ‘ಆನಂದಕಂದ’. ಕಂದ ಎಂದರೆ ಕನ್ನಡದಲ್ಲಿ ಮಗು, ಸಂಸ್ಕೃತದಲ್ಲಿ ಗಡ್ಡೆ, ಬೇರು. ಆನಂದದ ಮಗುವೂ ಹೌದು, ಆನಂದದ ಬೇರೂ ಹೌದು. ಇದೇ ಆನಂದಕಂದರು ಬರೆದ ಒಂದು ಕಾದಂಬರಿಯ ಹೆಸರು ‘ಅಶಾಂತಿಪರ್ವ’. ಆನಂದದ ಹೆಸರು ಹೊತ್ತವನು ಅಶಾಂತಿಯನ್ನು ಬರೆಯಬೇಕಾಯಿತು ಎಂಬುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಥೆ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು. ಸುಖವಾಗಿರುವ ಮನುಷ್ಯನ ಮೇಲೆ ಕಥೆ ಬರೆಯುವುದು ಕಷ್ಟ. ಅವನಿಂದ ಏನನ್ನಾದರೂ ಕಸಿದುಕೊಂಡಾಗಲೇ ಅವನ ಬಳಿ ಏನಿತ್ತು ಎಂಬುದು ಓದುಗನಿಗೂ ಅವನಿಗೂ ತಿಳಿಯುತ್ತದೆ.

ಇಬ್ಬರು ದೊಡ್ಡವರಿಗೆ ಬಂದ ಕಷ್ಟ

ತತ್ವಶಾಸ್ತ್ರದಲ್ಲಿ ಸುಖದ ಚರ್ಚೆ ಮಾಡುವವರು ಸಾಮಾನ್ಯವಾಗಿ ಗ್ರೀಸಿನ ಅರಿಸ್ಟಾಟಲನಿಂದ ಹೊರಟು ನೇರವಾಗಿ ಯುರೋಪಿಗೆ ಹೋಗುತ್ತಾರೆ. ನಡುವೆ ಬಗ್ದಾದ್ ಇತ್ತು ಎಂಬುದನ್ನು ಮರೆಯುತ್ತಾರೆ. ಒಂಬತ್ತನೆಯ ಶತಮಾನದ ಅಲ್-ಕಿಂದಿ ದುಃಖವನ್ನು ದೂರಮಾಡುವ ಉಪಾಯಗಳ ಬಗ್ಗೆಯೇ ಒಂದು ಪ್ರಬಂಧ ಬರೆದ. ಪ್ರೀತಿಸಿದ್ದನ್ನು ಕಳೆದುಕೊಳ್ಳುವುದು, ಬಯಸಿದ್ದು ಸಿಗದಿರುವುದು ಇವೆರಡೇ ದುಃಖದ ಮೂಲ ಎಂದ. ಕ್ರಿ.ಶ. 950ರಲ್ಲಿ ತೀರಿಕೊಂಡ ಅಲ್-ಫಾರಾಬಿ ಸುಖವನ್ನು ಪಡೆಯುವುದರ ಬಗ್ಗೆ ಪುಸ್ತಕ ಬರೆದು, ಒಬ್ಬಂಟಿ ಮನುಷ್ಯನಿಗೆ ಅದು ಸಾಧ್ಯವಿಲ್ಲ, ಒಳ್ಳೆಯ ನಗರ ಬೇಕು, ಒಬ್ಬರಿಗೊಬ್ಬರು ಆಗುವ ಜನ ಬೇಕು ಎಂದು ವಾದಿಸಿದ.

ಇವರ ನಂತರ ಬಂದ ಇಮಾಮ್ ಗಝಾಲಿಯವರ ಬಾಳೇ ಒಂದು ಪಾಠ. ತೂಸ್ ಎಂಬಲ್ಲಿ 1058ರಲ್ಲಿ ಹುಟ್ಟಿದ ಅವರು ಮೂವತ್ತಮೂರರ ಹೊತ್ತಿಗೆ ಬಗ್ದಾದಿನ ನಿಝಾಮಿಯಾ ಮದ್ರಸದ ಮುಖ್ಯ ಪ್ರಾಧ್ಯಾಪಕರಾಗಿದ್ದರು. ಹಣ, ಮಾನ, ಶಿಷ್ಯರು, ದರ್ಬಾರಿನ ಮನ್ನಣೆ ಎಲ್ಲವೂ ಇತ್ತು. 1095ರಲ್ಲಿ ಒಂದು ದಿನ ಅವರ ನಾಲಿಗೆ ನಿಂತುಹೋಯಿತು. ಪಾಠ ಹೇಳಲು ಬಾಯಿ ತೆರೆದರೆ ಮಾತು ಹೊರಡಲಿಲ್ಲ, ಅನ್ನ ಗಂಟಲಲ್ಲಿ ಇಳಿಯಲಿಲ್ಲ. ವೈದ್ಯರು ಇದು ಮನಸ್ಸಿನಿಂದ ಬಂದ ರೋಗ ಎಂದು ಕೈಚೆಲ್ಲಿದರು. ಗಝಾಲಿ ಹುದ್ದೆ ಬಿಟ್ಟು ಫಕೀರರಂತೆ ದಮಾಸ್ಕಸ್, ಜೆರುಸಲೇಮ್, ಮಕ್ಕಾಗಳಿಗೆ ಹೊರಟುಹೋದರು. ಆಮೇಲೆ ಅವರು ಸಾಮಾನ್ಯ ಜನರಿಗಾಗಿ ಫಾರಸಿಯಲ್ಲಿ ಬರೆದದ್ದು ‘ಕೀಮಿಯಾ-ಎ-ಸಆದತ್’. ಸುಖದ ರಸವಿದ್ಯೆ ಎಂದು ಕನ್ನಡದಲ್ಲಿ ಹೇಳಬಹುದು. ನಮ್ಮ ಅನೇಕ ಮನೆಗಳ ಗೂಡುಗಳಲ್ಲಿ ಅದರ ಉರ್ದು ಅನುವಾದ ಹಸಿರು ಬಟ್ಟೆಯಲ್ಲಿ ಸುತ್ತಿ ಇಟ್ಟಿರುತ್ತದೆ, ಓದುವವರು ಕಡಿಮೆ. ತನ್ನನ್ನು ತಾನು ಅರಿಯುವುದು, ದೇವರನ್ನು ಅರಿಯುವುದು, ಈ ಲೋಕ ಎಂಥದು ಎಂದು ಅರಿಯುವುದು, ಪರಲೋಕವನ್ನು ಅರಿಯುವುದು ಎಂಬ ನಾಲ್ಕು ಮೆಟ್ಟಿಲುಗಳಿಂದ ಆ ಪುಸ್ತಕ ಆರಂಭವಾಗುತ್ತದೆ. ಆದರೆ ಅರಿವಿನಷ್ಟಕ್ಕೇ ಅದು ನಿಲ್ಲುವುದಿಲ್ಲ. ಉಣ್ಣುವುದು, ವ್ಯಾಪಾರ, ನೆರೆಹೊರೆ, ಗೆಳೆತನ ಇವುಗಳ ರೀತಿನೀತಿಗೂ ಅದರಲ್ಲಿ ದೊಡ್ಡ ಜಾಗವಿದೆ.

ಇಂಥದೇ ಕಷ್ಟ ಏಳು ನೂರು ವರ್ಷಗಳ ನಂತರ ಲಂಡನ್ನಿನ ಒಬ್ಬ ತರುಣನಿಗೆ ಬಂತು. ಜೆರೆಮಿ ಬೆಂಥಮ್ ಎಂಬ ಚಿಂತಕ ಅತಿ ಹೆಚ್ಚು ಜನರ ಅತಿ ಹೆಚ್ಚು ಸುಖವೇ ಕಾನೂನಿನ, ಆಡಳಿತದ ಗುರಿ ಎಂದು ಸಾರಿದ್ದ. ಅವನ ಶಿಷ್ಯ ಜೇಮ್ಸ್ ಮಿಲ್ ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯಲ್ಲಿ ದೊಡ್ಡ ಅಧಿಕಾರಿ. ಅವನ ಮಗ ಜಾನ್ ಸ್ಟುವರ್ಟ್ ಮಿಲ್ ಕೂಡ 1823ರಲ್ಲಿ ಅಲ್ಲಿಯೇ ಕೆಲಸಕ್ಕೆ ಸೇರಿ ಮೂವತ್ತೈದು ವರ್ಷ ದುಡಿದ. 1826ರಲ್ಲಿ ಈ ಮಗ ತನ್ನನ್ನು ತಾನೇ ಕೇಳಿಕೊಂಡ: ನಾನು ಬಯಸುವ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ನನಗೆ ಸಂತೋಷವಾದೀತೇ? ಒಳಗಿನಿಂದ ಬಂದ ಉತ್ತರ, ಇಲ್ಲ. ತಿಂಗಳುಗಟ್ಟಲೆ ಅವನು ಕುಸಿದುಹೋದ. ಸುಖವನ್ನೇ ನೇರ ಗುರಿಯಾಗಿಟ್ಟುಕೊಂಡವನಿಗೆ ಅದು ಸಿಗುವುದಿಲ್ಲ, ಬೇರೆ ಯಾವುದೋ ಒಳ್ಳೆಯ ಕೆಲಸದಲ್ಲಿ, ಬೇರೆಯವರ ಒಳಿತಿನಲ್ಲಿ ಮನಸ್ಸಿಟ್ಟವನಿಗೆ ದಾರಿಯಲ್ಲಿ ಅದು ಸಿಗುತ್ತದೆ ಎಂಬ ತೀರ್ಮಾನಕ್ಕೆ ಬಂದು ಅವನು ಚೇತರಿಸಿಕೊಂಡ.

ಇವರ ಸುಖದ ಲೆಕ್ಕ ನಮ್ಮ ಕಡೆಯ ಹೊಲಗಳಿಗೂ ಬಂದಿತ್ತು ಎಂಬುದು ಹಲವರಿಗೆ ಗೊತ್ತಿರಲಾರದು. ಬೆಳಗಾವಿ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಆ ಪ್ರಾಂತ್ಯದ ದಖನ್ ಪ್ರದೇಶದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ 1820ರ ದಶಕದ ಕೊನೆಗೆ ಭೂಮಿಯ ಪೈಮಾಷಿಗೆ ತೊಡಗಿದ. ಹೊಲದ ಬೆಳೆಯಲ್ಲಿ ಖರ್ಚು ಕಳೆದು ಉಳಿದದ್ದೆಷ್ಟು ಎಂದು ಪುಸ್ತಕದ ಸಿದ್ಧಾಂತದ ಪ್ರಕಾರ ಲೆಕ್ಕಹಾಕಿ, ಅದರ ಮೇಲೆ ಕಂದಾಯ ಹೇರಿದರೆ ಯಾರಿಗೂ ಅನ್ಯಾಯವಾಗದು ಎಂದು ಅವನು ನಂಬಿದ್ದ. ಲೆಕ್ಕ ಕಾಗದದ ಮೇಲೆ ಚೊಕ್ಕಟವಾಗಿತ್ತು. ಕಂದಾಯ ಭಾರವಾಗಿ ರೈತರು ಹೊಲ ಬೀಳುಬಿಟ್ಟು ಊರು ಬಿಟ್ಟರು. 1830ರ ದಶಕದಲ್ಲಿ ವಿಂಗೇಟ್ ಮತ್ತು ಗೋಲ್ಡ್‌ಸ್ಮಿಡ್ ಎಂಬವರು ಇಂದಾಪುರದಿಂದ ಹೊಸ ಪೈಮಾಷಿ ಆರಂಭಿಸಬೇಕಾಯಿತು. ಸುಖದ ಹೆಸರಿನಲ್ಲಿ ಹೊರಟ ಲೆಕ್ಕ ಹೇಗೆ ದುಃಖದಲ್ಲಿ ಮುಗಿಯಬಹುದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಡ.

ಸುಖವನ್ನು ಎಣಿಸುವ ಆಸೆ ಇಂಗ್ಲಿಷರಿಗೆ ಮಾತ್ರ ಇತ್ತೆಂದಲ್ಲ. ತೈತ್ತಿರೀಯ ಉಪನಿಷತ್ತಿನಲ್ಲಿ ಆನಂದದ ಮೀಮಾಂಸೆಯೇ ಇದೆ. ಓದಿದ, ಗಟ್ಟಿಮುಟ್ಟಾದ, ಇಡೀ ಭೂಮಿಯ ಸಂಪತ್ತಿಗೆ ಒಡೆಯನಾದ ಯುವಕನ ಆನಂದವನ್ನು ಒಂದು ಎಂದು ಹಿಡಿದು, ಅದರ ನೂರು ಪಟ್ಟು ಗಂಧರ್ವರದು, ಅದರ ನೂರು ಪಟ್ಟು ಅದರ ಮೇಲಿನವರದು ಎಂದು ಗುಣಿಸುತ್ತ ಹೋಗುತ್ತದೆ. ಆದರೆ ಆ ಋಷಿ ಪ್ರತಿ ಮೆಟ್ಟಿಲಿನಲ್ಲೂ ಒಂದು ಮಾತು ಸೇರಿಸುತ್ತಾನೆ. ಅಷ್ಟೇ ಆನಂದ ಆಸೆಯ ಹೊಡೆತಕ್ಕೆ ಸಿಕ್ಕದ ಜ್ಞಾನಿಗೂ ಇದೆ ಎಂದು. ಎಣಿಕೆ ಮಾಡುತ್ತಲೇ ಎಣಿಕೆಯನ್ನು ಕೈಬಿಡುವ ಕ್ರಮ ಅದು. ಗೋಕಾಕದ ಶೂನ್ಯಸಂಪಾದನ ಮಠದ ಹೆಸರಿನಲ್ಲೇ ಇಂಥ ಒಂದು ವಿಚಾರವಿದೆ. ಲೋಕವೆಲ್ಲ ಏನನ್ನೋ ಸಂಪಾದಿಸಲು ಓಡುವಾಗ ಶರಣರು ಶೂನ್ಯವನ್ನು ಸಂಪಾದಿಸುವ ಮಾತಾಡಿದರು.

ಸತ್ಯಭಾಮೆಯ ದುಃಖ

ಪುಸ್ತಕದ ಮಾತು ಸಾಕು. ಈ ಸೀಮೆಯ ಸಾಮಾನ್ಯ ಜನ ಸುಖದ ಬಗ್ಗೆ ಏನು ತಿಳಿದಿದ್ದರು? ಅದಕ್ಕೆ ಉತ್ತರ ಶ್ರೀಕೃಷ್ಣ ಪಾರಿಜಾತದಲ್ಲಿದೆ ಎಂದು ನನ್ನ ನಂಬಿಕೆ. ಅಪರಾಳ ತಮ್ಮಣ್ಣ ರಚಿಸಿದ ಈ ಆಟಕ್ಕೆ ಇಂದಿನ ಮೂಡಲಗಿ ತಾಲೂಕಿನ ಕುಲಗೋಡದ ತಮ್ಮಣ್ಣ ರಂಗದ ರೂಪ ಕೊಟ್ಟ. ಗೋಕಾಕ ಸೀಮೆಯ ಹಳ್ಳಿಹಳ್ಳಿಗಳಲ್ಲಿ ಅದು ಬೆಳೆಯಿತು. ಕೌಜಲಗಿ ನಿಂಗಮ್ಮನ ಕಂಠದಿಂದ ಉತ್ತರ ಕರ್ನಾಟಕದ ತುಂಬ ಹರಡಿತು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ನಾರದ ದೇವಲೋಕದಿಂದ ಒಂದು ಪಾರಿಜಾತದ ಹೂ ತಂದುಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸುದ್ದಿ ಸತ್ಯಭಾಮೆಗೆ ಮುಟ್ಟುತ್ತದೆ. ಸತ್ಯಭಾಮೆಗೆ ಏನು ಕಡಿಮೆಯಿತ್ತು? ಅರಮನೆ, ಒಡವೆ, ದಾಸಿಯರು, ಕೃಷ್ಣನಂಥ ಗಂಡ ಎಲ್ಲವೂ ಇತ್ತು. ಆ ಹೂವಿನ ವಿಷಯ ಕೇಳುವವರೆಗೆ ಅವಳಿಗೆ ಆ ಹೂವಿನ ಅಗತ್ಯವೂ ಇರಲಿಲ್ಲ. ಇನ್ನೊಬ್ಬಳ ಮುಡಿಗೆ ಅದು ಏರಿತು ಎಂದ ಕೂಡಲೇ ಇದ್ದದ್ದೆಲ್ಲ ಇಲ್ಲದಂತಾಯಿತು. ಅವಳು ಗರ್ವದಿಂದ ತನ್ನ ದೊಡ್ಡಸ್ತಿಕೆ ಹೇಳಿಕೊಳ್ಳುತ್ತಾಳೆ, ಎದುರಿಗೆ ನಿಂತ ದೂತ ಒಂದೊಂದು ಮಾತಿಗೂ ಕೊಂಕು ತೆಗೆದು ಜನರನ್ನು ನಗಿಸುತ್ತಾನೆ. ರಾತ್ರಿಯಿಡೀ ಈ ಆಟ ನಡೆಯುತ್ತದೆ. ಬೆಳಗಾಗುವಷ್ಟರಲ್ಲಿ ದೊಡ್ಡಸ್ತಿಕೆಯೆಲ್ಲ ಕರಗಿರುತ್ತದೆ.

ಅಮೆರಿಕದ ರಿಚರ್ಡ್ ಈಸ್ಟರ್ಲಿನ್ ಎಂಬ ಅರ್ಥಶಾಸ್ತ್ರಜ್ಞ 1974ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಒಂದು ದೇಶದೊಳಗೆ ಬಡವರಿಗಿಂತ ಶ್ರೀಮಂತರು ಹೆಚ್ಚು ಸುಖಿಗಳೆಂದು ಹೇಳಿಕೊಳ್ಳುತ್ತಾರೆ, ಆದರೆ ಇಡೀ ದೇಶದ ಆದಾಯ ಏರಿದರೂ ದೇಶದ ಸುಖ ಅದೇ ಪ್ರಮಾಣದಲ್ಲಿ ಏರುವುದಿಲ್ಲ ಎಂಬುದು ಅವನ ಶೋಧ. ಜನ ತಮ್ಮ ಗಳಿಕೆಯನ್ನು ಪಕ್ಕದವನ ಗಳಿಕೆಯೊಡನೆ ಹೋಲಿಸಿ ನೋಡುತ್ತಾರೆ ಎಂದು ಅವನು ಕಾರಣ ಕೊಟ್ಟ. ಈ ಶೋಧದ ಮೇಲೆ ಇಂದಿಗೂ ವಾದ ನಡೆದಿದೆ. ಆದರೆ ಗೋಕಾಕ ಸೀಮೆಯ ಒಕ್ಕಲಿಗರು ಕಂಬಳಿ ಹೊದ್ದು ಕೂತು ಸತ್ಯಭಾಮೆಯನ್ನು ನೋಡಿ ನಕ್ಕಾಗ ಈ ವಿಚಾರ ಅವರಿಗೆ ಅರ್ಥವಾಗಿತ್ತು. ಅವರು ನಕ್ಕದ್ದು ರಾಣಿಯನ್ನು ನೋಡಿ ಮಾತ್ರವಲ್ಲ, ತಮ್ಮ ಓಣಿಯ ಹೊಸ ಮನೆಯನ್ನು ನೋಡಿ ತಮಗೇ ಆದ ಹೊಟ್ಟೆಕಿಚ್ಚನ್ನು ನೆನೆದು ಕೂಡ. ಇಂದು ಪ್ರತಿಯೊಬ್ಬನ ಕೈಯಲ್ಲಿರುವ ಮೊಬೈಲ್ ಪ್ರತಿ ನಿಮಿಷಕ್ಕೊಂದು ಪಾರಿಜಾತದ ಸುದ್ದಿ ತರುತ್ತದೆ. ಯಾರದೋ ಕಾರು, ಯಾರದೋ ಉಮ್ರಾ, ಯಾರದೋ ಮಗಳ ಮದುವೆ. ನಾರದ ಮಾತ್ರ ಇದ್ದಾನೆ. ಕೊಂಕು ನುಡಿದು ನಗಿಸುವ ದೂತ ಇಲ್ಲ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಹಳೆಯ ಕಾಲದ ಸಂತೋಷಗಳನ್ನು ನೆನೆದು ಬಾಯಿ ಚಪ್ಪರಿಸುವುದು ಸುಲಭ. ಆ ಸಂತೋಷವನ್ನು ಯಾರು ದುಡಿದು ಕೊಟ್ಟರು ಎಂದೂ ಕೇಳಬೇಕು. ರಾತ್ರಿಯಿಡೀ ಹಾಡಿ ಊರನ್ನು ನಲಿಸಿದ ಹೆಣ್ಣುಮಕ್ಕಳಿಗೆ ಹಗಲಿನಲ್ಲಿ ಅದೇ ಊರು ಕೊಟ್ಟ ಮರ್ಯಾದೆ ಎಷ್ಟು? ಆಟ ನೋಡಲು ಕೂತಾಗ ಯಾವ ಜಾತಿಯವರು ಎಲ್ಲಿ ಕೂರಬೇಕಿತ್ತು? ಗೋಕಾಕ ತಾಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿಯವರು ತಮ್ಮ ಕಾದಂಬರಿಗಳಲ್ಲಿ ಕೇಳಿದ್ದು ಇಂಥ ಪ್ರಶ್ನೆಗಳನ್ನೇ. ಮಠದ ಜರತಾರಿ, ಬಡವನ ಬೆವರು, ಜೈಲಿನ ಕತ್ತಲು ಇವು ಅವರ ವಸ್ತುಗಳಾದವು. ನ್ಯಾಯವಿಲ್ಲದ ಸುಖ ಇನ್ನೊಬ್ಬರ ಬೆನ್ನಮೇಲೆ ಕೂತ ಸುಖ ಎಂಬುದನ್ನು ಅವರು ಮರೆಯಲು ಬಿಡಲಿಲ್ಲ.

ಹಣ್ಣಿನ ಆಟಿಕೆ, ಬಾಣಂತಿಯ ಉಂಡೆ

ಗೋಕಾಕದ ಬಣ್ಣದ ಆಟಿಕೆಗಳು ಮುಂಬಯಿ ಪ್ರಾಂತ್ಯದ ದಿನಗಳಿಂದಲೇ ಹೆಸರುವಾಸಿ. ಹಗುರವಾದ ಮರದಲ್ಲಿ ಕೆತ್ತಿ ಬಣ್ಣ ಹಾಕಿದ ಮಾವು, ಬಾಳೆ, ಬದನೆ, ಸೀತಾಫಲಗಳು ನಿಜವಾದವನ್ನೇ ನಾಚಿಸುತ್ತವೆ. ಇವನ್ನು ಮಾಡುತ್ತ ಬಂದವರು ಜೀನಗಾರರು. ಜೀನಗಾರ ಎಂಬ ಹೆಸರು ಕುದುರೆಯ ಜೀನಿನಿಂದ, ಅಂದರೆ ಫಾರಸಿಯ ‘ಝೀನ್’ ಎಂಬ ಶಬ್ದದಿಂದ ಬಂದದ್ದು. ಸೈನ್ಯಗಳಿಗೆ ಜೀನು ಹೊಲಿದುಕೊಡುವುದು ಅವರ ಮೂಲ ಕಸುಬು. ಕುದುರೆಗಳ ಕಾಲ ಮುಗಿಯಿತು, ಸರದಾರರು ಹೋದರು. ಹುಕ್ಕೇರಿಯಲ್ಲಿ ಆದಿಲ್‌ಶಾಹಿ ಕಾಲದ ದೊಡ್ಡವರ ಗುಮ್ಮಟಗಳು ಇಂದಿಗೂ ಎತ್ತರವಾಗಿ ನಿಂತಿವೆ. ಅದರೊಳಗೆ ಮಲಗಿದವರ ಹೆಸರು ದಾರಿಹೋಕರಿಗೆ ಗೊತ್ತಿಲ್ಲ. ಅಂಥವರ ಕುದುರೆಗೆ ಜೀನು ಹೊಲಿದ ಕಸುಬಿನವರು ಮಾತ್ರ ಮಕ್ಕಳ ಕೈಗೆ ಮರದ ಹಣ್ಣು ಕೊಡುತ್ತ ಉಳಿದುಕೊಂಡರು. ಯುದ್ಧದ ಕಸುಬು ಆಟದ ಕಸುಬಾದ ಈ ಚರಿತ್ರೆಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಜಾಗವಿಲ್ಲ.

ಕರದಂಟಿನ ವಿಷಯವೂ ಹಾಗೆಯೇ. ಅಂಟನ್ನು ಕರಿದು, ಒಣಕೊಬ್ಬರಿ, ಉತ್ತತ್ತಿ, ಗೋಡಂಬಿ, ಬೆಲ್ಲ ಸೇರಿಸಿ ಕಟ್ಟುವ ಈ ಸಿಹಿ ಇಂದು ಡಬ್ಬಿಗಳಲ್ಲಿ ವಿದೇಶಕ್ಕೂ ಹೋಗುತ್ತದೆ. ಆದರೆ ಉತ್ತರ ಕರ್ನಾಟಕದ ಮನೆಗಳಲ್ಲಿ ಅಂಟಿನ ಉಂಡೆ ಮೊದಲು ಬಾಣಂತಿಯ ಆಹಾರ. ಹೆತ್ತು ಸೋತ ದೇಹಕ್ಕೆ ಬಲ ಬರಲೆಂದು ತಾಯಿ ಮಗಳಿಗೆ ಕಟ್ಟಿಕೊಡುವ ಉಂಡೆ ಅದು. ನಾಲಿಗೆಯ ರುಚಿಗೆ ಎಂದು ಹುಟ್ಟಿದ ತಿಂಡಿಯಲ್ಲ, ಇನ್ನೊಬ್ಬರು ಚೇತರಿಸಿಕೊಳ್ಳಲಿ ಎಂಬ ಕಾಳಜಿಯಿಂದ ಬೆಳೆದ ರುಚಿ. ಜಾನ್ ಸ್ಟುವರ್ಟ್ ಮಿಲ್ ಕುಸಿದು ಬಿದ್ದು ಕಂಡುಕೊಂಡ ಸತ್ಯವನ್ನು, ಅಂದರೆ ಸುಖ ಬೇರೆಯವರ ಒಳಿತಿನ ದಾರಿಯಲ್ಲಿ ಸಿಗುತ್ತದೆ ಎಂಬುದನ್ನು, ನಮ್ಮ ಅಜ್ಜಿಯಂದಿರು ಒಲೆಯ ಮುಂದೆ ಕೂತು ಆಚರಿಸುತ್ತಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಘಟಪ್ರಭೆಯ ನೀರಿನ ಬಲದಿಂದ ನಡೆಯುವ ನೂಲಿನ ಗಿರಣಿ ಜಲಪಾತದ ಪಕ್ಕದಲ್ಲಿ ಎದ್ದಿತು. ಐವತ್ತೆರಡು ಮೀಟರ್ ಎತ್ತರದಿಂದ ಧುಮ್ಮಿಕ್ಕುವ ನೀರು ಅಲ್ಲಿಯವರೆಗೆ ನೋಡಿ ಬೆರಗಾಗುವ ವಸ್ತು, ಆಮೇಲೆ ದುಡಿಯುವ ವಸ್ತು. ಗಿರಣಿ ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿತು, ಅದರೊಡನೆ ಗಡಿಯಾರವನ್ನೂ ಕೊಟ್ಟಿತು. ಸೂರ್ಯನನ್ನು ನೋಡಿ ಹೊಲಕ್ಕೆ ಹೋಗುತ್ತಿದ್ದ ಜನ ಭೋಂಗಾ ಕೇಳಿ ಏಳುವುದನ್ನು ಕಲಿತರು. ಪಾಳಿಯಲ್ಲಿ ದುಡಿಯುವವನಿಗೆ ರಾತ್ರಿಯಿಡೀ ಪಾರಿಜಾತ ನೋಡುವ ಸುಖ ಎಲ್ಲಿಯದು? ಪಗಾರದ ದಿನದ ಖುಷಿ, ರಜೆಯ ದಿನದ ಖುಷಿ ಎಂದು ಸಂತೋಷಕ್ಕೂ ತಾರೀಖು ಬಿದ್ದಿತು. ಆದರೂ ಹೊಲವಿಲ್ಲದವನಿಗೆ, ಕೆಳಜಾತಿಯವನಿಗೆ ಗೌಡರ ಅಂಗಳದ ಬಿಟ್ಟಿಯಿಂದ ತಪ್ಪಿಸಿಕೊಂಡು ಕೈಯಲ್ಲಿ ರೊಕ್ಕ ಹಿಡಿಯುವ ದಾರಿಯೂ ಅದಾಗಿತ್ತು. ಅವನ ಪಾಲಿಗೆ ಆ ಭೋಂಗಾ ಸುಖದ ಶಬ್ದವೇ.

ಕೂಡಿ ಪಡುವ ಸುಖ, ಕೂಡಿ ಪಡುವ ದುಃಖ

ಗೋಕಾಕ ಸೀಮೆಯ ಸಾವಳಗಿಯ ಶಿವಲಿಂಗೇಶ್ವರರಿಗೂ ಕಲಬುರಗಿಯ ಖ್ವಾಜಾ ಬಂದೇ ನವಾಝರಿಗೂ ಗೆಳೆತನವಿತ್ತು ಎಂಬ ಕಥೆ ಈ ಭಾಗದಲ್ಲಿ ಪರಂಪರೆಯಿಂದ ನಡೆದುಬಂದಿದೆ. ಖ್ವಾಜಾ ಅವರು ದಿಲ್ಲಿಯಿಂದ ಸುಮಾರು 1400ರ ಹೊತ್ತಿಗೆ ಕಲಬುರಗಿಗೆ ಬಂದು 1422ರಲ್ಲಿ ತೀರಿಕೊಂಡವರು. ಇಬ್ಬರು ಸಂತರಲ್ಲಿ ಯಾರು ದೊಡ್ಡವರು ಎಂಬ ಪೈಪೋಟಿಯ ಕಥೆಗಳು ಎಲ್ಲ ಕಡೆ ಇವೆ. ಗೆಳೆತನದ ಕಥೆಯನ್ನು ಆರುನೂರು ವರ್ಷ ಕಾಪಾಡಿಕೊಂಡು ಬರಲು ಮಾತ್ರ ಜನರ ಒಳ್ಳೆಯತನ ಬೇಕು. ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಸಾವಳಗಿಯ ಮಠದ ಆಶ್ರಯದಲ್ಲಿ ಓದಿ ಬೆಳೆದವರು. ಅವರ ‘ಶಿವಾಪುರ’ ಎಂಬ ಕಲ್ಪನೆಯ ಊರಿನಲ್ಲಿ ಎಲ್ಲರೂ ಕೂಡಿ ಹಾಡುವುದು ಸುಮ್ಮನೆ ಬಂದದ್ದಲ್ಲ.

ಮೊಹರಮ್ಮಿನದು ಇನ್ನೂ ವಿಚಿತ್ರವಾದ ಸಂಗತಿ. ಕರ್ಬಲಾದ ದುರಂತವನ್ನು ನೆನೆಯುವ ದಿನಗಳು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ‘ಅಲಾಯಿ ಹಬ್ಬ’ವಾದವು. ಮುಸ್ಲಿಮರ ಮನೆಯೇ ಇಲ್ಲದ ಊರುಗಳಲ್ಲೂ ಪಂಜಾ ಕೂಡ್ರಿಸಿದರು, ರಿವಾಯತ್ ಪದ ಹಾಡಿದರು, ಹೆಜ್ಜೆಮೇಳ ಕುಣಿದರು. ದುಃಖದ ಆಚರಣೆ ಹೇಗೆ ಹಬ್ಬವಾಯಿತು ಎಂದು ಹೊರಗಿನವರು ಕೇಳಬಹುದು. ಬೇರೆಯವರ ಮಗುವಿನ ಬಾಯಾರಿಕೆಗೆ ಕೂಡಿ ಅಳಬಲ್ಲ ಜನಕ್ಕೆ ಆ ಅಳುವಿನ ಕೊನೆಗೆ ಒಂದು ಹಗುರವಾದ ಸಮಾಧಾನ ಸಿಗುತ್ತದೆ. ಅದಕ್ಕೆ ಖುಷಿ ಎನ್ನುವುದು ಸರಿಯಲ್ಲ, ನೆಮ್ಮದಿ ಎಂದರೆ ಹತ್ತಿರ ಬರುತ್ತದೆ.

ಇಂಥ ಆಚರಣೆಗಳ ಬಗ್ಗೆ ನಮ್ಮೊಳಗೇ ಆಕ್ಷೇಪಗಳಿವೆ. ಇವು ದೀನಿಗೆ ಸೇರಿದವಲ್ಲ, ಬೆರಕೆ ಎಂದು ನಮ್ಮ ಉಲಮಾಗಳಲ್ಲಿ ಹಲವರು ಹೇಳುತ್ತಾರೆ. ಅವರಿಗೆ ಅವರ ಪುರಾವೆಗಳಿವೆ, ಶ್ರದ್ಧೆಯ ವಿಷಯದಲ್ಲಿ ಅವರ ಮಾತನ್ನು ಕಡೆಗಣಿಸುವಂತಿಲ್ಲ. ಆ ಕಡೆಯಲ್ಲೂ ಮುಸ್ಲಿಮರ ದೇವರಿಗೆ ನಡೆದುಕೊಳ್ಳಬೇಡಿ ಎಂದು ತಮ್ಮವರಿಗೆ ಹೇಳುವವರು ಹೆಚ್ಚಾಗಿದ್ದಾರೆ, ಅವರ ಕಾರಣಗಳು ಬೇರೆ. ನನ್ನ ಮನವಿ ಇಷ್ಟೇ. ಒಂದು ಆಚರಣೆಯನ್ನು ಬಿಡಿ ಎನ್ನುವವರು, ಅದು ಮಾಡುತ್ತಿದ್ದ ಕೆಲಸವನ್ನು ಯಾವುದರಿಂದ ಮಾಡಿಸುತ್ತೀರಿ ಎಂದೂ ಹೇಳಬೇಕು. ಪಂಜಾ ಬೇಡವೆಂದಾದರೆ ನೆರೆಯವನು ನಮ್ಮ ಅಂಗಳಕ್ಕೆ ಬರುವ ಇನ್ನೊಂದು ದಾರಿಯನ್ನು ತೆರೆಯಬೇಕು. ನೆರೆಯವನ ಹಕ್ಕಿನ ಬಗ್ಗೆ ನಮ್ಮ ಧರ್ಮದಲ್ಲಿ ಬಂದಿರುವ ಎಚ್ಚರಿಕೆಗಳೇನು ಕಡಿಮೆಯೇ? ತಾನು ಹೊಟ್ಟೆತುಂಬ ಉಂಡು ಪಕ್ಕದವನನ್ನು ಹಸಿವಿನಲ್ಲಿ ಮಲಗಗೊಟ್ಟವನ ಈಮಾನಿನ ಬಗ್ಗೆಯೇ ಪ್ರವಾದಿಯವರು ಸಂಶಯ ತೋರಿದ್ದಾರೆ. ಆ ಪಕ್ಕದವನು ಯಾವ ಜಾತಿಯವನು ಎಂದು ಅವರು ಕೇಳಲಿಲ್ಲ. ದಾರಿಗಳನ್ನೆಲ್ಲ ಮುಚ್ಚಿ ನಾವು ನಾವೇ ಶುದ್ಧವಾಗಿ ಉಳಿದರೆ, ಅವರು ಅವರೇ ಶುದ್ಧವಾಗಿ ಉಳಿದರೆ, ಎರಡೂ ಕಡೆ ಉಳಿಯುವುದು ಭಯ. ಭಯವಿದ್ದಲ್ಲಿ ಫಾರಾಬಿ ಹೇಳಿದ ಒಳ್ಳೆಯ ನಗರ ಇರಲಾರದು.

ಏಣಿ ಮತ್ತು ನೆರೆ

ಇಂದು ಸುಖವನ್ನು ಅಳೆಯುವ ಹೊಸ ಕ್ರಮಗಳು ಬಂದಿವೆ. ಭೂತಾನದ ದೊರೆ 1970ರ ದಶಕದಲ್ಲಿ ದೇಶದ ಉತ್ಪನ್ನಕ್ಕಿಂತ ದೇಶದ ಸುಖ ದೊಡ್ಡದು ಎಂದರು. ವಿಶ್ವಸಂಸ್ಥೆ ಮಾರ್ಚ್ 20ನ್ನು ಸಂತೋಷದ ದಿನವೆಂದು 2013ರಿಂದ ಆಚರಿಸುತ್ತಿದೆ. 2012ರಿಂದ ಬರುತ್ತಿರುವ ಜಾಗತಿಕ ಸಂತೋಷ ವರದಿಯಲ್ಲಿ 2018ರಿಂದೀಚೆಗೆ ಫಿನ್ಲೆಂಡ್ ಮೊದಲ ಸ್ಥಾ‌ನಕ್ಕೇರಿತು, 2024ರಲ್ಲಿ ಭಾರತದ ಸ್ಥಾನ 126. ಈ ವರದಿಗಾಗಿ ಜನರಿಗೆ ಕೇಳುವ ಪ್ರಶ್ನೆ ಹೀಗಿದೆ: ಹತ್ತು ಮೆಟ್ಟಿಲಿನ ಒಂದು ಏಣಿ ಇದೆ ಎಂದುಕೊಳ್ಳಿ, ತುದಿಯಲ್ಲಿ ನಿಮಗೆ ಸಾಧ್ಯವಾದ ಅತಿ ಒಳ್ಳೆಯ ಬಾಳು, ಬುಡದಲ್ಲಿ ಅತಿ ಕೆಟ್ಟ ಬಾಳು, ನೀವು ಎಷ್ಟನೆಯ ಮೆಟ್ಟಿಲಲ್ಲಿದ್ದೀರಿ?

ಈ ವರದಿಯಿಂದ ಪ್ರಯೋಜನವಿದೆ, ಸರಕಾರಗಳಿಗೆ ಅದು ಕನ್ನಡಿ ಹಿಡಿಯುತ್ತದೆ. ಕಷ್ಟಕಾಲದಲ್ಲಿ ನೆಚ್ಚಿಕೊಳ್ಳಲು ಯಾರಾದರೂ ಇದ್ದಾರೆಯೇ ಎಂದೂ ಅವರು ಕೇಳುತ್ತಾರೆ, ಅದು ಒಳ್ಳೆಯ ಪ್ರಶ್ನೆ. ಆದರೆ ಏಣಿಯ ಮೇಲೆ ಒಂದು ಸಲಕ್ಕೆ ಒಬ್ಬನೇ ಹತ್ತಬೇಕು. ಪಾರಿಜಾತದ ಆಟಕ್ಕೆ, ಜಾತ್ರೆಗೆ, ಇಫ್ತಾರಿನ ಸುಪ್ರಾಕ್ಕೆ ಏಣಿ ಬೇಡ. ಅಲ್ಲಿ ಪಕ್ಕದವನು ಸ್ವಲ್ಪ ಸರಿದು ಜಾಗ ಕೊಡಬೇಕಾಗುತ್ತದೆ.

2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಊರೊಳಗೆ ನುಗ್ಗಿತು. ಲೋಳಸೂರ ಸೇತುವೆ ಮುಳುಗಿತು, ಓಣಿಗಳು ಹೊಳೆಯಾದವು. ಜನ ಕಣ್ಣಮುಂದೆ ಕೂಡಿಟ್ಟದ್ದನ್ನು ಕಳೆದುಕೊಂಡರು. ಟ್ರಂಕಿನೊಳಗಿನ ಸೀರೆ, ಮಕ್ಕಳ ಶಾಲೆಯ ಕಾಗದ, ಜೋಳದ ಚೀಲ, ಅಂಗಡಿಯ ಮಾಲು. 2021ರಲ್ಲಿ, 2024ರಲ್ಲಿ ಮತ್ತೆ ನೀರು ಬಂತು. ಇಂಥ ಹೊತ್ತಿನಲ್ಲಿ ತೆರೆಯುವ ಆಶ್ರಯದ ಜಾಗಕ್ಕೆ ನಮ್ಮ ಕಡೆ ಒಂದು ಹೆಸರಿದೆ. ಅದು ಗಂಜಿ ಕೇಂದ್ರ. ಸವಣೂರು ನವಾಬರ ಗಂಜಿಖಾನೆಗೆ ಫಾರಸಿಯ ಅರ್ಥವೋ ಕನ್ನಡದ ಅರ್ಥವೋ ಎಂಬುದನ್ನು ಪಂಡಿತರು ಚರ್ಚಿಸಲಿ. ಖಜಾನೆಗಳು ನೀರಿನಲ್ಲಿ ಮುಳುಗಿದ ದಿನ ಊರಿಗೆ ಬೇಕಾದದ್ದು ಎರಡನೆಯ ಅರ್ಥವೇ.

ಇದರಿಂದ ಬಡತನವೇ ಸುಖ, ಕಳೆದುಕೊಳ್ಳುವುದೇ ಒಳ್ಳೆಯದು ಎಂದು ಯಾರೂ ತಿಳಿಯಬಾರದು. ಮನೆ ಕಳೆದುಕೊಂಡವನಿಗೆ ಗಂಜಿಯ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವುದು ಸುಖವಲ್ಲ. ಅವನಿಗೆ ಬೇಕಾದದ್ದು ಪರಿಹಾರ, ಎತ್ತರದ ಜಾಗದಲ್ಲಿ ಗಟ್ಟಿಯಾದ ಮನೆ, ಮುಂದಿನ ಮಳೆಗಾಲದ ರಾತ್ರಿ ಹೆದರದೆ ಮಲಗುವ ಹಕ್ಕು. ಕನಾಅತ್ ಎಂದರೆ ತನ್ನ ಪಾಲಿಗೆ ತೃಪ್ತನಾಗಿರುವುದು. ಅದು ನಾನು ನನಗೆ ಹೇಳಿಕೊಳ್ಳಬೇಕಾದ ಮಾತು. ಹಸಿದವನಿಗೆ ನಾನು ಅದನ್ನು ಉಪದೇಶಿಸಿದರೆ ಅದು ಜುಲುಮೆಯಾಗುತ್ತದೆ. ತತ್ವಶಾಸ್ತ್ರದ ಸುಖವೂ ಖಾಸಗಿ ಬಾಳಿನ ಸುಖವೂ ದಾರಿ ತಪ್ಪುವುದು ಇಲ್ಲಿಯೇ. ನಾವು ತೃಪ್ತಿಯನ್ನು ಬೇರೆಯವರಿಗೆ ಬೋಧಿಸಿ, ಆಸೆಯನ್ನು ನಮಗೆ ಇಟ್ಟುಕೊಳ್ಳುತ್ತೇವೆ. ಅದನ್ನು ತಿರುಗಿಸಿದರೆ ಅರ್ಧ ಸಮಸ್ಯೆ ತೀರುತ್ತದೆ.

ದಿನಕ್ಕೆ ಐದು ಸಲ ಗೋಕಾಕದ ಆ ಹಳೆಯ ಮಸೀದಿಯಿಂದಲೂ, ನಾಡಿನ ಎಲ್ಲ ಮಸೀದಿಗಳಿಂದಲೂ, ಫಲಾಹಿನ ಕಡೆಗೆ ಬನ್ನಿ ಎಂಬ ಕರೆ ಕೇಳುತ್ತದೆ. ಫಲಾಹ್ ಎಂಬುದು ಉಳುವ ಶಬ್ದ ಎಂದು ಮೊದಲೇ ಹೇಳಿದೆ. ಉಳುಮೆ ಮಾಡಿದವನಿಗೆ ಮಾತ್ರ ಸುಗ್ಗಿ. ಸುಗ್ಗಿ ಬಂದಾಗ ಕಣದಲ್ಲಿ ನಿಂತವರಿಗೆಲ್ಲ ಒಂದು ಮೊರ ಕಾಳು ಕೊಡದೆ ರಾಶಿಯನ್ನು ಮನೆಗೆ ಒಯ್ಯುವ ಪದ್ಧತಿ ನಮ್ಮ ಕಡೆ ಇರಲಿಲ್ಲ. ಒಯ್ದರೆ ಬರಕತ್ ಇರುವುದಿಲ್ಲ ಎಂದು ನಮ್ಮವರೂ ಹೇಳುತ್ತಿದ್ದರು, ಲಕ್ಷ್ಮಿ ನಿಲ್ಲುವುದಿಲ್ಲ ಎಂದು ಅವರೂ ಹೇಳುತ್ತಿದ್ದರು. ಇಬ್ಬರೂ ಹೇಳುತ್ತಿದ್ದದ್ದು ಒಂದನ್ನೇ. ಈ ಸಲದ ಈದಿಗೆ ಶೀರ್‌ಖುರ್ಮಾ ಮಾಡುವಾಗ ಪಾತ್ರೆ ಸ್ವಲ್ಪ ದೊಡ್ಡದಿರಲಿ, ಪಕ್ಕದ ಓಣಿಯ ಬಾಗಿಲುಗಳನ್ನೂ ಎಣಿಸಿ ಹಾಲು ತರಿಸೋಣ.